ಜಗುಲಿಯ ಮಣೆ ಶಾಲೆಯ ಕೋಣೆಗೆ

ಹಾಸನದಲ್ಲಿ ‘ಸಾಲಗಾಮೆ ರಸ್ತೆ’ ಎಂದರೆ ಗೊತ್ತಿಲ್ಲದವರಿಲ್ಲ. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವುದು ಈ ರಸ್ತೆಯಲ್ಲಿಯೇ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ದೂರದೂರುಗಳಿಂದ ಬಂದ ತಂದೆತಾಯಿಯರು ಈ ಹೆಸರನ್ನು ಬಾಯಿಪಾಠ ಮಾಡಿಕೊಂಡೇ ಬಸ್ಸಿಳಿಯುತ್ತಾರೆ. ಆದರೆ ರಸ್ತೆಗೆ ತನ್ನ ಹೆಸರನ್ನು ಕೊಟ್ಟ ಊರಿನವರೆಗೂ ಹೋಗಿ ಬಂದವರು ಅವರಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಬೇರೆಯೇ ಆದೀತು.

ಹೋಗಿ ನೋಡಲು ಕಷ್ಟವೇನಿಲ್ಲ. ಹಾಸನದ ಮನೆಗಳ ಸಾಲು ಮುಗಿಯುತ್ತಿದ್ದಂತೆ ಹೊಲಗಳು ಆರಂಭವಾಗುತ್ತವೆ. ಒಂದು ಕಾಲದಲ್ಲಿ ಈ ಸೀಮೆಯ ಹೆಸರು ಹೇಳಿದರೆ ಸಾಕು, ಆಲೂಗಡ್ಡೆ ನೆನಪಾಗುತ್ತಿತ್ತು. ಮುಂಗಾರಿನ ಮೊದಲ ಮಳೆ ಬಿದ್ದು ಭೂಮಿ ಹದವಾಗುವುದಕ್ಕೂ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು. ಅಂಗಮಾರಿ ರೋಗ ಮತ್ತೆ ಮತ್ತೆ ಬಂದು ಕೈಸುಟ್ಟುಕೊಂಡ ಎಷ್ಟೋ ರೈತರು ಈಗ ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದ್ದಾರೆ. ರಾಗಿ ಮಾತ್ರ ಎಂದಿನಂತೆ ತನ್ನ ಜಾಗದಲ್ಲಿದೆ.

ಸಾಲಗಾಮೆ ಹಾಸನ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪಹಣಿ, ಜಾತಿ ಪ್ರಮಾಣಪತ್ರಗಳಿಗಾಗಿ, ಬಿತ್ತನೆ ಬೀಜಕ್ಕಾಗಿ ಸುತ್ತಲಿನ ಹಳ್ಳಿಗಳವರು ಇಲ್ಲಿಗೆ ಬರಬೇಕು. ಇಂಥ ಊರಿನಲ್ಲಿ ಪ್ರವಾಸಿ ಕ್ಯಾಮೆರಾ ಹೊರಗೆ ತೆಗೆಯುವಂಥದ್ದು ಏನಿದೆ ಎಂದು ಯಾರಾದರೂ ಕೇಳಬಹುದು. ಬೇಲೂರು, ಹಳೇಬೀಡುಗಳು ಇದೇ ಜಿಲ್ಲೆಯಲ್ಲಿರುವಾಗ ಆ ಪ್ರಶ್ನೆ ಸಹಜವೇ. ಆದರೆ ನೋಡಬೇಕಾದದ್ದೆಲ್ಲವೂ ಕಲ್ಲಿನಲ್ಲಿ ಕೆತ್ತಿದ್ದೇ ಆಗಿರಬೇಕಿಲ್ಲ. ಹೋಬಳಿ ಊರಿನ ಒಂದು ಜಗುಲಿ, ಒಂದು ಶಾಲಾ ಕೋಣೆ, ಇವೆರಡರ ನಡುವೆ ಸಾಗಿಬರಬೇಕಾದ ಒಂದು ಆಟದ ಮಣೆ, ಇಷ್ಟನ್ನು ನೋಡುವುದಕ್ಕೂ ಪ್ರಯಾಣ ಮಾಡಬಹುದು.

ಜಗುಲಿಯ ಮೇಲಿನ ಆಟ

ಈ ಸೀಮೆಯ ಹಳೆಯ ಮನೆಗಳ ಜಗುಲಿಗಳು ಬರೀ ಕೂರುವ ಕಟ್ಟೆಗಳಾಗಿರಲಿಲ್ಲ. ಬಳಪದಿಂದಲೋ ಇದ್ದಿಲಿನಿಂದಲೋ ಗೆರೆ ಎಳೆದರೆ ಅದೇ ಚೌಕಾಬಾರದ ಮನೆ. ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು 25 ಮನೆಗಳು. ನಾಲ್ಕು ಬದಿಯ ನಡುಮನೆಗಳಿಗೂ ಎಲ್ಲಕ್ಕೂ ನಡುವಿನ ಮನೆಗೂ ಅಡ್ಡಗೀರು ಹಾಕಿದರೆ ಅವು ಕಟ್ಟೆಗಳು. ಅಲ್ಲಿ ಕುಳಿತ ಕಾಯನ್ನು ಯಾರೂ ಕಡಿಯುವಂತಿಲ್ಲ. ಕವಡೆ ಇಲ್ಲದವರು ಹುಣಸೆ ಬೀಜವನ್ನು ಕಲ್ಲಿನ ಮೇಲೆ ಒಂದು ಬದಿ ತೇಯ್ದು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಬಳೆಚೂರು, ಜೋಳದ ಕಾಳು, ಬೆಣಚುಕಲ್ಲುಗಳೇ ಕಾಯಿಗಳು.

ಮನೆಯೊಳಗೆ ಹೆಂಗಸರ ಕೈಯಲ್ಲಿ ಅಳಿಗುಳಿ ಮಣೆ ಇರುತ್ತಿತ್ತು. ಕರಾವಳಿಯವರು ಚೆನ್ನೆಮಣೆ ಎನ್ನುವುದೂ ಇದನ್ನೇ. ದನ ಕಾಯುವ ಹುಡುಗರು ಬಂಡೆಯ ಮೇಲೆ ಹುಲಿ-ಕುರಿ ಆಟದ ಗೆರೆ ಕೆತ್ತುತ್ತಿದ್ದರು. ಇದು ಒಂದು ಊರಿನ ಕಥೆಯಲ್ಲ. ಹಂಪಿಗೆ ಹೋದವರು ತಲೆಯೆತ್ತಿ ಗೋಪುರ ನೋಡುವುದರ ಜೊತೆಗೆ ತಲೆ ತಗ್ಗಿಸಿ ಕಲ್ಲುಹಾಸನ್ನೂ ನೋಡಿದರೆ ಅಲ್ಲಿಯೂ ಇಂಥವೇ ಆಟದ ಮನೆಗಳು ಕಾಣುತ್ತವೆ.

ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವ ಮೊದಲು ಇನ್ನೊಂದು ಮಾತನ್ನೂ ಹೇಳಬೇಕು. ಆ ಜಗುಲಿಯ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ. ಯಾವ ಕೇರಿಯವರು ಯಾರ ಮನೆಯ ಮೆಟ್ಟಿಲು ಹತ್ತಬಹುದು ಎಂಬುದು ಆಟಕ್ಕಿಂತ ಮೊದಲೇ ತೀರ್ಮಾನವಾಗಿರುತ್ತಿತ್ತು. ಹೆಣ್ಣುಮಕ್ಕಳ ಆಟ ಒಳಗೆ, ಗಂಡುಮಕ್ಕಳ ಆಟ ಹೊರಗೆ. ಆಟದ ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಆದರೆ ಮಣೆಯ ಮುಂದೆ ಕೂರುವ ಹಕ್ಕು ಒಂದೇ ಆಗಿರಲಿಲ್ಲ. ಜಗುಲಿಗೆ ಸಾಧ್ಯವಾಗದೆ ಹೋದದ್ದನ್ನು ಮಾಡಬೇಕಾದ ಜಾಗ ಊರಿನಲ್ಲಿ ಒಂದೇ ಒಂದಿದೆ. ಅದು ಶಾಲೆ.

ಪಕ್ಕದಲ್ಲಿ ಕುಳಿತರೂ ಮಾತಿಲ್ಲ

ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಸುತ್ತಲಿನ ಹಳ್ಳಿಗಳ ಮಕ್ಕಳು ಎಂಟನೆಯ ತರಗತಿಗೆಂದು ಬರುತ್ತಾರೆ. ಕೆಲವರು ಬಸ್ಸಿನಲ್ಲಿ, ಕೆಲವರು ಸೈಕಲ್ಲಿನಲ್ಲಿ, ಕೆಲವರು ನಡೆದು. ಮೊದಲ ವಾರ ಅಂಥ ಯಾವುದೇ ತರಗತಿಯನ್ನು ನೋಡಿ: ಒಂದೊಂದು ಊರಿನವರು ಒಂದೊಂದು ಬೆಂಚು ಹಿಡಿದಿರುತ್ತಾರೆ. ಹಿಂದಿನ ಶಾಲೆಯಲ್ಲಿ ಐದಾರು ಮಕ್ಕಳ ನಡುವೆ ಹಾಡಿ ಕುಣಿದಾಡಿದ ಹುಡುಗಿ ಇಲ್ಲಿ ನಲವತ್ತು ಮಂದಿಯ ನಡುವೆ ಹೆಸರು ಹೇಳಲೂ ತಡವರಿಸುತ್ತಾಳೆ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರುತ್ತದೆ, ಕೈ ಮಾತ್ರ ಮೇಲೇಳುವುದಿಲ್ಲ.

ಇದಕ್ಕೆ ಇತ್ತೀಚಿನ ವರ್ಷಗಳ ಒಂದು ಗಾಯವೂ ಸೇರಿಕೊಂಡಿದೆ. ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿಸಿದ ಮಕ್ಕಳು 2025ರಲ್ಲಿ ಆರನೆಯ ತರಗತಿಗೆ ಬಂದರು. ಪಕ್ಕದವನ ಬಳಪ ಕೇಳಿ ತೆಗೆದುಕೊಳ್ಳುವುದು, ಸಾಲಿನಲ್ಲಿ ನಿಲ್ಲುವುದು, ಜಗಳವಾಡಿ ಮಧ್ಯಾಹ್ನದ ಊಟಕ್ಕೆ ಮತ್ತೆ ಒಟ್ಟಿಗೆ ಕೂರುವುದು, ಇವನ್ನೆಲ್ಲ ಕಲಿಯಬೇಕಾಗಿದ್ದ ವಯಸ್ಸನ್ನು ಅವರು ಮನೆಯಲ್ಲಿ ಕಳೆದಿದ್ದಾರೆ. ಅಕ್ಷರ, ಮಗ್ಗಿಗಳ ಕೊರತೆಯನ್ನು ಪರೀಕ್ಷೆ ತೋರಿಸಿಕೊಡುತ್ತದೆ. ಈ ಕೊರತೆಯನ್ನು ತೋರಿಸುವ ಅಂಕಪಟ್ಟಿ ಇಲ್ಲ.

ನಾಲ್ಕು ಮಕ್ಕಳು, ಒಂದು ಮಣೆ

ಇಂಥ ತರಗತಿಯಲ್ಲಿ ವಾರಕ್ಕೊಂದು ಅವಧಿ ಚೌಕಾಬಾರಕ್ಕೆ ಕೊಟ್ಟರೆ ಏನಾಗುತ್ತದೆ? ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಮನೆ, ನಾಲ್ಕು ಹುಣಸೆ ಬೀಜ, ತಲೆಗೆ ನಾಲ್ಕರಂತೆ ಹದಿನಾರು ಕಾಯಿ. ನಾಲ್ಕು ಬೇರೆ ಬೇರೆ ಹಳ್ಳಿಗಳ ನಾಲ್ಕು ಮಕ್ಕಳನ್ನು ಒಂದು ಮಣೆಗೆ ಕೂರಿಸಬೇಕು. ಜೊತೆಗಾರರನ್ನು ಆರಿಸುವ ಕೆಲಸವನ್ನು ಮಕ್ಕಳಿಗೆ ಬಿಡದೆ ಚೀಟಿ ಎತ್ತಿ ನಿರ್ಧರಿಸುವುದು ಒಳ್ಳೆಯದು.

ಮೊದಲ ಹತ್ತು ನಿಮಿಷ ಆಟವೇ ಆರಂಭವಾಗುವುದಿಲ್ಲ. ಕಾರಣ, ನಾಲ್ಕು ಊರಿಗೆ ನಾಲ್ಕು ನಿಯಮ.

‘ನಮ್ಮೂರಲ್ಲಿ ಒಂದಾದ್ರೂ ಕಾಯಿ ಕಡೀದೆ ಒಳಗೆ ಹೋಗಂಗಿಲ್ಲ.’

‘ನಮ್ಮಲ್ಲಿ ಹಂಗಿಲ್ಲ ಕಣೇ, ಸುಮ್ನೆ ಹೋಗಬಹುದು.’

‘ಗಟ್ಟಿ ಕಟ್ಟಿದ್ ಮೇಲೆ ಒಂಟಿ ಕಾಯಿ ಅದನ್ನ ಕಡಿಯಂಗಿಲ್ಲ, ಗೊತ್ತಾ?’

ಹೊರಗಿನವರಿಗೆ ಇದು ಗಲಾಟೆ. ಆದರೆ ಮೇಷ್ಟ್ರು ಇಲ್ಲಿ ಬಾಯಿ ಹಾಕಬಾರದು. ಏಕೆಂದರೆ ಪಾಠ ನಡೆಯುತ್ತಿರುವುದೇ ಈಗ. ಹೆಸರು ಹೇಳಲು ತಡವರಿಸಿದ ಹುಡುಗಿ ತನ್ನೂರಿನ ನಿಯಮವನ್ನು ಸಮರ್ಥಿಸಲು ಮಾತನಾಡುತ್ತಿದ್ದಾಳೆ. ಕೊನೆಗೆ ನಾಲ್ವರೂ ಒಪ್ಪಿದ ನಿಯಮವನ್ನು ಒಂದು ಚೀಟಿಯ ಮೇಲೆ ಬರೆದು ಮಣೆಯ ಪಕ್ಕದಲ್ಲಿ ಇಡಿಸಬೇಕು. ಆಮೇಲೆ ತಕರಾರು ಬಂದರೆ ಮೇಷ್ಟ್ರ ಹತ್ತಿರ ಓಡುವಂತಿಲ್ಲ, ಚೀಟಿಯನ್ನು ನೋಡಬೇಕು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಗೋಲಿಯಾಡುವ ಮಕ್ಕಳನ್ನು ಗಮನಿಸಿ, ಮಕ್ಕಳ ನೈತಿಕ ವಿವೇಚನೆಯನ್ನು ಕುರಿತ ತಮ್ಮ ಪುಸ್ತಕವನ್ನು 1932ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ ಆಟದ ನಿಯಮ ಎಂದರೆ ಹಿರಿಯರು ಕೊಟ್ಟದ್ದು, ಬದಲಾಯಿಸಲಾಗದ್ದು. ಹತ್ತು-ಹನ್ನೆರಡು ವರ್ಷದ ಹೊತ್ತಿಗೆ, ನಿಯಮವೆಂದರೆ ಆಡುವವರೆಲ್ಲ ಒಪ್ಪಿ ಮಾಡಿಕೊಂಡದ್ದು, ಒಪ್ಪಿದ್ದಕ್ಕಾಗಿಯೇ ಅದನ್ನು ಪಾಲಿಸಬೇಕು ಎಂಬ ತಿಳಿವಳಿಕೆ ಮೂಡುತ್ತದೆ ಎಂದು ಅವರು ಕಂಡುಕೊಂಡರು. ಪಿಯಾಜೆಯವರ ಗೋಲಿಗೂ ಸಾಲಗಾಮೆ ಸೀಮೆಯ ಹುಣಸೆ ಬೀಜಕ್ಕೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಪೌರನೀತಿಯ ಪುಸ್ತಕದಲ್ಲಿ ಸಂವಿಧಾನದ ಪಾಠ ಓದುವ ಮೊದಲು ನಾಲ್ಕು ಸಾಲಿನ ಒಂದು ಸಂವಿಧಾನವನ್ನು ಮಕ್ಕಳು ತಾವೇ ಬರೆದು ನೋಡಿದಂತಾಯಿತಲ್ಲವೆ?

ಸೋಲುವುದನ್ನು ಕಲಿಯುವುದು

ಚೌಕಾಬಾರದಲ್ಲಿ ಹೊರಸುತ್ತಿಗೆ ಹದಿನಾರು ಮನೆ, ಒಳಸುತ್ತಿಗೆ ಎಂಟು, ನಡುವೆ ಒಂದು. ಹೊರಸುತ್ತನ್ನು ಬಹುಪಾಲು ಮುಗಿಸಿದ ಕಾಯನ್ನು ಎದುರಾಳಿ ಕಡಿದರೆ ಅದು ಮತ್ತೆ ಮೊದಲ ಮನೆಗೆ. ಹದಿಮೂರು ವರ್ಷದ ಹುಡುಗನಿಗೆ ಇದು ಸಣ್ಣ ಸಂಕಟವಲ್ಲ. ಮೊದಮೊದಲು ಮಣೆ ಕೆಡವಿ ಎದ್ದುಹೋಗುವವರೂ ಇರುತ್ತಾರೆ. ಎದ್ದುಹೋದರೆ ಉಳಿದ ಮೂವರ ಆಟವೂ ಕೆಡುತ್ತದೆ. ಆಗ ಆ ಮೂವರು ಅವನನ್ನು ಹೇಗೆ ಕರೆದು ಕೂರಿಸುತ್ತಾರೆ ಎಂಬುದನ್ನು ಗಮನಿಸುವುದು ಮೇಷ್ಟ್ರ ಕೆಲಸ.

ಅಳಿಗುಳಿ ಮಣೆಯಲ್ಲಿ ಇನ್ನೂ ಸೊಗಸಾದ ಒಂದು ಏರ್ಪಾಡಿದೆ. ಏಳೇಳರಂತೆ ಹದಿನಾಲ್ಕು ಗುಳಿ; ಗುಳಿಗೆ ಐದರಂತೆ ಹಾಕಿದರೆ 70 ಕಾಯಿ. ಎಷ್ಟು ಹೊತ್ತು ಆಡಿದರೂ ಕಾಯಿ 70ಕ್ಕಿಂತ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ಹೋಗುತ್ತದೆ, ಅಷ್ಟೆ. ಒಂದು ಆಟ ಮುಗಿದ ಮೇಲೆ ಸೋತವರು ಕೈಯಲ್ಲಿ ಉಳಿದಷ್ಟು ಕಾಯಿಗಳಿಂದ ತುಂಬುವಷ್ಟು ಗುಳಿಗಳನ್ನು ತುಂಬಿಕೊಂಡು, ಉಳಿದವನ್ನು ಖಾಲಿ ಬಿಟ್ಟು ಮುಂದಿನ ಆಟ ಆಡುತ್ತಾರೆ. ಕಳೆದುಕೊಂಡದ್ದನ್ನು ಲೆಕ್ಕ ಹಾಕುತ್ತ ಕೂರದೆ ಉಳಿದದ್ದರಿಂದಲೇ ಮತ್ತೆ ಆರಂಭಿಸುವುದನ್ನು ಇದಕ್ಕಿಂತ ಸರಳವಾಗಿ ಹೇಳಿಕೊಡುವುದು ಕಷ್ಟ. ಅಂಗಮಾರಿಗೆ ಒಂದು ಬೆಳೆ ಕಳೆದುಕೊಂಡು ಮರುವರ್ಷ ಮತ್ತೆ ಬಿತ್ತಿದ ತಂದೆಯ ಮಕ್ಕಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹುಲಿ-ಕುರಿಯ ಗುಣವೇ ಬೇರೆ. ಮೂರು ಹುಲಿ, ಹದಿನೈದು ಕುರಿ. ಕುರಿಯ ಆಚೆಗೆ ಖಾಲಿ ಜಾಗವಿದ್ದರೆ ಹುಲಿ ಹಾರಿ ತಿನ್ನುತ್ತದೆ. ಕುರಿಗಳು ಒತ್ತೊತ್ತಾಗಿ ನಿಂತು ಹುಲಿಗೆ ದಾರಿಯಿಲ್ಲದಂತೆ ಕಟ್ಟಿಹಾಕಬೇಕು. ತರಗತಿಯಲ್ಲಿ ಇದಕ್ಕೊಂದು ಸಣ್ಣ ತಿದ್ದುಪಡಿ ಮಾಡಿಕೊಳ್ಳಬಹುದು. ಹುಲಿಯ ಕಡೆ ಒಬ್ಬರು, ಕುರಿಯ ಕಡೆ ಮೂವರು. ಮೂವರೂ ಒಪ್ಪದೆ ಕಾಯಿ ಮುಟ್ಟುವಂತಿಲ್ಲ. ಆಗ ಜೋರುಬಾಯಿಯ ಹುಡುಗ ತನ್ನ ಮಾತೇ ನಡೆಯಬೇಕೆಂದು ಹಟ ಹಿಡಿದು ಎರಡು ಕುರಿ ಕಳೆಯುತ್ತಾನೆ. ಮೂರನೆಯ ಕುರಿ ಹೋಗುವ ಹೊತ್ತಿಗೆ, ಅಲ್ಲಿಯವರೆಗೆ ಸುಮ್ಮನಿದ್ದವಳನ್ನು ‘ನೀನೇನಂತೀಯ?’ ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಗಾಗಿ ಇಡೀ ಅವಧಿ ಖರ್ಚಾದರೂ ನಷ್ಟವಿಲ್ಲ.

ಕವಡೆಯ ವಿಜ್ಞಾನ

‘ಆಟವೇನೋ ಸರಿ, ಪಾಠ?’ ಎನ್ನುವವರಿಗೆ ಇಲ್ಲಿಯೇ ಪಾಠವೂ ಇದೆ. ನಾಲ್ಕು ಬೀಜಗಳನ್ನು ಎಸೆದರೆ ಒಂದೊಂದು ಬೀಜವೂ ಬಿಳಿ ಬದಿ ಮೇಲಾಗಿಯೋ ಕಪ್ಪು ಬದಿ ಮೇಲಾಗಿಯೋ ಬೀಳುತ್ತದೆ. ಎರಡಕ್ಕೂ ಸಮಾನ ಅವಕಾಶವಿದೆ ಎಂದಿಟ್ಟುಕೊಂಡರೆ ಒಟ್ಟು 16 ಬಗೆ. ಅವುಗಳಲ್ಲಿ ಒಂದು ಬಿಳಿ ಬೀಳುವುದು 4 ಬಗೆಯಲ್ಲಿ, ಎರಡು ಬಿಳಿ 6 ಬಗೆಯಲ್ಲಿ, ಮೂರು ಬಿಳಿ 4 ಬಗೆಯಲ್ಲಿ. ನಾಲ್ಕೂ ಬಿಳಿಯಾಗುವ ಚೌಕ ಒಂದೇ ಬಗೆ, ನಾಲ್ಕೂ ಕಪ್ಪಾಗಿ ಎಂಟು ಮನೆ ಕೊಡುವ ಬಾರವೂ ಒಂದೇ ಬಗೆ. ಈ ಎರಡು ಗರಗಳಿಗೆ ಮತ್ತೊಮ್ಮೆ ಎಸೆಯುವ ಬಹುಮಾನವನ್ನು ಹಿರಿಯರು ಇಟ್ಟದ್ದು ಸುಮ್ಮನಲ್ಲ ಎಂದು ಲೆಕ್ಕ ಹಾಕಿದಾಗ ತಿಳಿಯುತ್ತದೆ.

ತರಗತಿಯಲ್ಲಿ ನಾಲ್ಕು ಗುಂಪು ಮಾಡಿ ಗುಂಪಿಗೆ 40 ಬಾರಿ ಎಸೆಸಿದರೆ ಒಟ್ಟು 160 ಗರ. ಲೆಕ್ಕದ ಪ್ರಕಾರ ಒಂದು 40 ಸಲ, ಎರಡು 60 ಸಲ, ಮೂರು 40 ಸಲ, ಚೌಕ ಮತ್ತು ಬಾರ ಹತ್ತತ್ತು ಸಲ ಬರಬೇಕು. ನಿಜವಾಗಿ ಹಾಗೆಯೇ ಬರುವುದಿಲ್ಲ. ಬೀಜದ ಒಂದು ಬದಿ ತೇಯ್ದು ಚಪ್ಪಟೆಯಾಗಿದೆ, ಇನ್ನೊಂದು ಬದಿ ಉಬ್ಬಾಗಿದೆ. ಎರಡಕ್ಕೂ ಸಮಾನ ಅವಕಾಶ ಎಂಬ ನಮ್ಮ ಊಹೆಯನ್ನೇ ಪರೀಕ್ಷಿಸಬೇಕಾಗುತ್ತದೆ. ಒಬ್ಬರು ಎಸೆಯುವುದು, ಒಬ್ಬರು ಕೂಗುವುದು, ಒಬ್ಬರು ಬರೆಯುವುದು, ಒಬ್ಬರು ಸರಿನೋಡುವುದು. ಬೇಕಾದ ಗರ ಬೀಳದಾಗಲೂ ಬಿದ್ದದ್ದನ್ನೇ ಬರೆಯಬೇಕು. ವಿಜ್ಞಾನದಲ್ಲಿ ಇದನ್ನು ವೀಕ್ಷಣೆ ಎನ್ನುತ್ತಾರೆ, ಊರಿನಲ್ಲಿ ಇದಕ್ಕೆ ಪ್ರಾಮಾಣಿಕತೆ ಎಂದು ಹೆಸರು.

ಕೋಟೆಯಿಂದ ಬಂದ ಏಣಿ

ಇಂಥ ಕಲಿಕೆ ಕರ್ನಾಟಕಕ್ಕೆ ಹೊಸದಲ್ಲ. ಹಾಸನದಿಂದ ರೈಲು ಹಿಡಿದು ಹೊಳೆನರಸೀಪುರ, ಕೃಷ್ಣರಾಜನಗರಗಳನ್ನು ದಾಟಿ ಮೈಸೂರಿನಲ್ಲಿಳಿದು, ಅಲ್ಲಿಂದ ಬಸ್ಸಿನಲ್ಲಿ ಕಾಡಂಚಿನ ಹೆಗ್ಗಡದೇವನಕೋಟೆಗೆ ಹೋದರೆ, ನಲಿ-ಕಲಿ ಹುಟ್ಟಿದ ತಾಲ್ಲೂಕು ಸಿಗುತ್ತದೆ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಲಿಕೆಯನ್ನು ಕಣ್ಣಾರೆ ಕಂಡುಬಂದ ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಅದನ್ನು ಕನ್ನಡಕ್ಕೆ ಒಗ್ಗಿಸಿಕೊಂಡರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

ನಲಿ-ಕಲಿ ತರಗತಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ತನ್ನ ಕಾರ್ಡನ್ನು ತಾನೇ ಆರಿಸಿಕೊಂಡು ಬರಬೇಕು. ಐದು ಗುಂಪುಗಳಲ್ಲಿ ಎರಡಕ್ಕೆ ಶಿಕ್ಷಕರ ಸಹಾಯ, ಎರಡಕ್ಕೆ ಸಹಪಾಠಿಗಳ ಸಹಾಯ, ಒಂದರಲ್ಲಿ ಸ್ವಂತ ಕಲಿಕೆ. ಅಂದರೆ, ಪಕ್ಕದವರನ್ನು ಕೇಳಿ ತಿಳಿದುಕೊಳ್ಳುವುದು ಅಲ್ಲಿ ನಕಲು ಮಾಡುವುದಲ್ಲ. ಅದೇ ಕಲಿಯುವ ಕ್ರಮ. ಆದರೆ ಈ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಎಲ್ಲರೂ ಕರಿಹಲಗೆಯ ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ. ಪಕ್ಕದವರ ಮುಖ ನೋಡುವ ಅಭ್ಯಾಸ ಅಲ್ಲಿಗೆ ತಪ್ಪುತ್ತದೆ. ಚೀಲವಿಲ್ಲದೆ ಶಾಲೆಗೆ ಬರುವ ‘ಸಂಭ್ರಮ ಶನಿವಾರ’ದಂಥ ದಿನಗಳು ಇರುವುದರಿಂದ, ದೊಡ್ಡ ಮಕ್ಕಳಿಗೂ ಮಣೆ ಹಾಸಲು ಜಾಗವಂತೂ ಇದೆ.

ಮೈಸೂರಿನವರೆಗೆ ಹೋದವರು ಜಗನ್ಮೋಹನ ಅರಮನೆಯನ್ನೂ ನೋಡಿಬರಬೇಕು. 1861ರಲ್ಲಿ ಕಟ್ಟಿಸಿದ ಈ ಅರಮನೆಯ ಗೋಡೆಗಳ ಮೇಲೆ ಆಟದ ಪಟಗಳ ಚಿತ್ರಗಳಿವೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳಲ್ಲಿ ಅಪಾರ ಆಸಕ್ತಿ. ಚದುರಂಗದ ಕುದುರೆ ಒಂದೊಂದು ಮನೆಯನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಮಣೆಯೆಲ್ಲ ಸುತ್ತಿಬರುವ ಒಗಟನ್ನು ಅವರು ಹಲವು ಬಗೆಯಲ್ಲಿ ಬಿಡಿಸಿದ್ದರು. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಮತ್ತೆ ಬೆಳಕಿಗೆ ತಂದಿದೆ. ಅರಮನೆಯ ಗೋಡೆಯ ಮೇಲೂ ದನಗಾಹಿಯ ಬಂಡೆಯ ಮೇಲೂ ಜಾಗ ಪಡೆದ ಮಣೆಯಾಟಗಳಿಗೆ ಶಾಲೆಯ ಕೋಣೆಯಲ್ಲಿ ಜಾಗವಿಲ್ಲವೆಂದರೆ ಹೇಗೆ?

ತಂದೆತಾಯಿಯರ ಅನುಮಾನ

ಮನೆಯವರಿಗೆ ಅನುಮಾನ ಇರುವುದು ಸಹಜ. ಕವಡೆ ಎಂದೊಡನೆ ಜೂಜು ನೆನಪಾಗುತ್ತದೆ. ಪಗಡೆ ಎಂದೊಡನೆ ಶಕುನಿ. ಭಾರತದ ಕಥೆ ಕೇಳಿ ಬೆಳೆದ ನಾಡಿನಲ್ಲಿ ಈ ಅಂಜಿಕೆ ಸುಳ್ಳಲ್ಲ. ಆದರೆ ಹಸ್ತಿನಾವತಿಯ ಸಭೆಯಲ್ಲಿ ಕೆಟ್ಟದ್ದು ಆಟಕ್ಕಿಂತ ಹೆಚ್ಚಾಗಿ ಪಣ, ಮೋಸ, ಮತ್ತು ತಡೆಯಬೇಕಾದ ಹಿರಿಯರ ಮೌನ. ಶಾಲೆಯ ಮಣೆಯ ಮೇಲೆ ಈ ಮೂರಕ್ಕೂ ಅವಕಾಶವಿರಬಾರದು. ಒಂದು ಪೆನ್ಸಿಲನ್ನೂ ಪಣಕ್ಕೆ ಇಡುವಂತಿಲ್ಲ.

ನಿಜವಾದ ಜೂಜು ಇತ್ತೀಚೆಗೆ ಮನೆಗೆ ಬಂದದ್ದು ಬೇರೆ ದಾರಿಯಿಂದ. ದುಡ್ಡು ಕಟ್ಟಿ ಆಡುವ ಆಟಗಳು ಮೊಬೈಲಿನೊಳಗೆ ಎಷ್ಟರ ಮಟ್ಟಿಗೆ ನುಗ್ಗಿದ್ದವೆಂದರೆ, ಅವನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ದುಡ್ಡಿಲ್ಲದ ಮೊಬೈಲ್ ಲೂಡೊದಲ್ಲಿಯೂ ಒಂದು ಕೊರತೆ ಇದ್ದೇ ಇದೆ. ಅಲ್ಲಿ ನಿಯಮವನ್ನು ಯಂತ್ರ ಕಾಯುತ್ತದೆ. ಮೋಸ ಮಾಡಲು ಸಾಧ್ಯವಿಲ್ಲದ ಕಡೆ ಪ್ರಾಮಾಣಿಕನಾಗಿರುವುದರಲ್ಲಿ ಹೆಚ್ಚುಗಾರಿಕೆ ಏನಿದೆ? ಮಣೆಯ ಮೇಲೆ ಕಾಯಿ ನಡೆಸುವ ಮಗು ಮೂರು ಮನೆಯ ಬದಲು ನಾಲ್ಕು ಮನೆ ನಡೆಸಬಲ್ಲದು. ನಡೆಸದೇ ಇರಲು ಕಲಿಯುತ್ತದೆ.

ಹಾಗೆಂದು ಮಣೆಯನ್ನು ಹಾಸಿದೊಡನೆ ಗುಣ ಬಂದುಬಿಡುತ್ತದೆ ಎಂದೂ ಅಲ್ಲ. ಮೇಷ್ಟ್ರು ಆಟಕ್ಕೆ ಬಿಟ್ಟು ಹಾಜರಿ ಪುಸ್ತಕ ತುಂಬುತ್ತ ಕುಳಿತರೆ, ಬಲವಿದ್ದವರು ಇನ್ನಷ್ಟು ಬಲಿಯುತ್ತಾರೆ, ಅಂಜುವವರು ಇನ್ನಷ್ಟು ಅಂಜುತ್ತಾರೆ. ಗುಂಪುಗಳನ್ನು ವಾರವಾರವೂ ಬದಲಿಸಬೇಕು. ಹುಡುಗಿಯರು ಹುಲಿಯಾಗಲಿ, ಹುಡುಗರು ಅಳಿಗುಳಿ ಮಣೆಯ ಮುಂದೆ ಕೂರಲಿ. ಕಣ್ಣು ಮಂದವಿರುವ ಮಗುವಿಗೆ ಗುಳಿಮಣೆ ಒಳ್ಳೆಯದು, ಬೆರಳಿಗೇ ಲೆಕ್ಕ ಸಿಗುತ್ತದೆ. ಕೊನೆಯ ಐದು ನಿಮಿಷ ಆಟ ನಿಲ್ಲಿಸಿ, ‘ಇವತ್ತು ಯಾರು ಗೆದ್ದರು’ ಎಂದು ಕೇಳುವ ಬದಲು ‘ಇವತ್ತು ತಕರಾರು ಎಲ್ಲಿ ಬಂತು, ಹೇಗೆ ಮುಗಿಯಿತು’ ಎಂದು ಕೇಳಬೇಕು. ಆ ಐದು ನಿಮಿಷ ಇಲ್ಲದಿದ್ದರೆ ಅದು ಬರೀ ಆಟದ ಅವಧಿ.

ಖರ್ಚಿನ ಮಾತೇ ಇಲ್ಲ. ರಟ್ಟು, ಬಳಪ, ಹುಣಸೆ ಬೀಜ ಈ ಸೀಮೆಯ ಯಾವ ಮನೆಯಲ್ಲಿಯೂ ಸಿಗುತ್ತದೆ. ಆಟ ಗೊತ್ತಿರುವ ಅಜ್ಜಿಯರೂ ಇನ್ನೂ ಇದ್ದಾರೆ. ತಿಂಗಳಿಗೊಮ್ಮೆ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆದು ಮಣೆಯ ಮುಂದೆ ಕೂರಿಸಿದರೆ ಅವರ ನೆನಪಿನ ಜೊತೆಯಲ್ಲೇ ಮರೆತುಹೋಗಲಿರುವ ನಿಯಮಗಳೂ ಉಳಿಯುತ್ತವೆ.

ಚೌಕಾಬಾರದಲ್ಲಿ ಸುತ್ತು ಮುಗಿಸಿ ನಡುಮನೆ ಸೇರಿದ ಕಾಯನ್ನು ‘ಹಣ್ಣಾಯಿತು’ ಎನ್ನುತ್ತಾರೆ. ಹಣ್ಣಾಗಲು ಹೊರಸುತ್ತನ್ನು ಪೂರ್ತಿ ಸುತ್ತಲೇಬೇಕು, ಅಡ್ಡದಾರಿ ಇಲ್ಲ. ಯಾವ ಗರ ಬೀಳುತ್ತದೆಂಬುದು ಆಡುವವರ ಕೈಯಲ್ಲಿಲ್ಲ. ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕೆಂಬುದು ಕೈಯಲ್ಲಿದೆ. ಯಾವ ಊರಿನಲ್ಲಿ, ಯಾವ ಕೇರಿಯಲ್ಲಿ ಹುಟ್ಟಬೇಕೆಂಬುದನ್ನು ಆರಿಸಿಕೊಳ್ಳದ ಮಕ್ಕಳು ಒಂದೇ ಮಣೆಯ ಸುತ್ತ ಕುಳಿತು ಇದನ್ನು ಕಲಿಯಬಹುದು. ಮುಂದೆ ಎಂದೋ ಅವರಲ್ಲಿ ಕೆಲವರು ಅದೇ ಸಾಲಗಾಮೆ ರಸ್ತೆ ಹಿಡಿದು ಹಾಸನದ ಕಾಲೇಜಿಗೆ ಹೋದಾರು, ಕೆಲವರು ಊರಿನಲ್ಲೇ ಉಳಿದು ಬಿತ್ತನೆ ಮಾಡಿಯಾರು. ಎಲ್ಲಿದ್ದರೂ ತಮ್ಮ ಸರದಿ ಬರುವವರೆಗೆ ಕಾಯಲು, ಪಕ್ಕದವರ ಮಾತು ಕೇಳಲು, ಸೋತು ಮತ್ತೆ ಕೂರಲು ಬಂದರೆ, ಅವರನ್ನು ಓದಿಸಿದ ಶಾಲೆಗೂ ಹೆತ್ತವರಿಗೂ ಅದಕ್ಕಿಂತ ಹೆಚ್ಚಿನದೇನು ಬೇಕು?